ಭಾರ ಹೊರುವುದು ಪಾಟಾ, ಗಾಡಿ ಹಿಡಿಯುವುದು ಶಾಕ್

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ಹೂವಿನಹಡಗಲಿಯಿಂದ ಮೈಲಾರಕ್ಕೆ ಹೋಗುವ ದಾರಿಯಲ್ಲಿ ಗಾಡಿಗಳ ಸಾಲು ಕಡಿಯುವುದಿಲ್ಲ. ಹಿಂದೆ ಎತ್ತಿನ ಬಂಡಿಗಳದ್ದೇ ದರಬಾರು. ಹರಕೆಗೆಂದು ಈಗಲೂ ಬಂಡಿ ಕಟ್ಟಿಕೊಂಡು ಬರುವ ಮನೆಗಳಿವೆ. ಅವುಗಳ ಹಿಂದೆ ಮುಂದೆ ಟ್ರ್ಯಾಕ್ಟರು, ಟಾಟಾ ಏಸ್, ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್. ಅಕ್ಕಿ ಚೀಲ, ನೀರಿನ ಡ್ರಮ್ಮು, ಸೌದೆ, ಪಾತ್ರೆ, ಅದರ ಮೇಲೆ ಹಾಸಿಗೆ. ಹಿಂಬದಿ ನೆಲಕ್ಕೆ ಕುಸಿದು, ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಬೇವಿನ ಮರದ ತುದಿಗೆ ಬೀಳುತ್ತಿರುತ್ತದೆ. ಹಂಪ್ ದಾಟಿದ ಮೇಲೆ ಕೆಲವು ಗಾಡಿ ಒಂದು ಸಲ ಕುಕ್ಕಿ ಸುಮ್ಮನಾಗುತ್ತವೆ. ಇನ್ನು ಕೆಲವು ಫರ್ಲಾಂಗ್ ದೂರ ತೂಗಾಡಿಕೊಂಡೇ ಹೋಗುತ್ತವೆ. ಎರಡರಲ್ಲೂ ಇರುವುದು ಅಷ್ಟೇ ಭಾರ, ಅದೇ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಬೇರೆಯಾಗಿರುವುದು ಶಾಕ್ ಅಬ್ಸಾರ್ಬರ್ ಒಂದೇ.

ಮೈಲಾರದ ಜಾತ್ರೆ ಕೆಲವೇ ದಿನದ್ದು. ಪಿಕಪ್‌ಗೆ ದುಡಿಮೆ ವರ್ಷವಿಡೀ. ಕೂಡ್ಲಿಗಿ, ಕೊಟ್ಟೂರು ಕಡೆಯ ಈರುಳ್ಳಿ ಬೆಂಗಳೂರಿಗೆ ಹೋಗಬೇಕು. ಹರಪನಹಳ್ಳಿಯ ಮೆಕ್ಕೆಜೋಳ ದಾವಣಗೆರೆಗೆ, ಹಡಗಲಿ ಸೀಮೆಯ ಮೆಣಸಿನಕಾಯಿ ಬ್ಯಾಡಗಿಗೆ, ಹಗರಿಬೊಮ್ಮನಹಳ್ಳಿಯ ದಾಳಿಂಬೆ ಎಲ್ಲಿ ದರ ಸಿಗುತ್ತದೋ ಅಲ್ಲಿಗೆ. ಇವುಗಳ ಜೊತೆಗೆ ಕುರಿ ಸಂತೆ, ಮದುವೆಯ ಶಾಮಿಯಾನ, ಜನರೇಟರ್. ಮನೆಗೆ ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಮಿಲ್ಲರನ್ನು ಹಿಂದಿನ ಹುಕ್ಕಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಬಾಡಿಗೆಯೂ ಉಂಟು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಸರಕು ಗಾಡಿ ಹಳ್ಳಿಹಳ್ಳಿಗೂ ಇಳಿಯಿತು. ಎತ್ತು ಸಾಕುತ್ತಿದ್ದ ಮನೆಯ ಹುಡುಗ ಇಂದು ಕಂತು ಕಟ್ಟಿ ಪಿಕಪ್ ಸಾಕುತ್ತಿದ್ದಾನೆ.

ಹೀಗೆ ದುಡಿಯುವ ಗಾಡಿಯ ಹಿಂಭಾಗ ಕುಸಿಯತೊಡಗಿದಾಗ ಮಾಲೀಕ ಹೋಗುವುದು ಪಾಟಾ ಅಂಗಡಿಗೆ. ‘ಇನ್ನೊಂದು ಪಾಟಾ ಏರಿಸ್ರಿ’ ಎನ್ನುತ್ತಾನೆ. ಮಿಸ್ತ್ರಿ ಏರಿಸುತ್ತಾನೆ. ಗಾಡಿ ಎದ್ದು ನಿಲ್ಲುತ್ತದೆ, ಮಾಲೀಕನಿಗೂ ಸಮಾಧಾನ. ಆದರೆ ಹಳೆಯ ಶಾಕ್ ಇದ್ದಲ್ಲೇ ಇರುತ್ತದೆ. ಇನ್ನು ಕೆಲವರದು ಇದರ ತಿರುವುಮುರುವು: ಗಾಡಿ ಕುಸಿದರೆ ‘ಹೆವಿ’ ಶಾಕ್ ಹಾಕಿಸಿದರೆ ಎದ್ದೀತೆಂದು ದುಡ್ಡು ಸುರಿಯುತ್ತಾರೆ. ಗಾಡಿ ಒಂದು ಬೆರಳಿನಷ್ಟೂ ಏಳುವುದಿಲ್ಲ. ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಮಾಮೂಲಿ ಶಾಕ್‌ಗೆ ಭಾರ ಹೊರುವ ಕೆಲಸವೇ ಇಲ್ಲ.

ಭಾರ ಹೊರುವುದು ಪಾಟಾ. ಹೊರುವಾಗ ಅದು ಬಾಗುತ್ತದೆ, ಬಾಗಿದ್ದು ಮತ್ತೆ ಎಗರುತ್ತದೆ. ಆ ಎಗರಾಟವನ್ನು ನುಂಗುವುದಷ್ಟೇ ಶಾಕ್‌ನ ಕೆಲಸ. ಒಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ತೂತುಗಳು, ತೂತಿನ ಮೇಲೆ ತೆಳುವಾದ ಉಕ್ಕಿನ ಬಿಲ್ಲೆಗಳ ವಾಲ್ವು. ಬ್ಯಾಂಕಿನ ಬಾಗಿಲ ತಲೆಯಲ್ಲಿರುವ ಡೋರ್ ಕ್ಲೋಸರ್ ಬಾಗಿಲನ್ನು ದಡ್ಡನೆ ಬಡಿಯಗೊಡದೆ ಮೆಲ್ಲಗೆ ಮುಚ್ಚಿಸುವ ಹಾಗೆಯೇ ಇದು. ಮೆಲ್ಲಗೆ ತಳ್ಳಿದರೆ ಎಣ್ಣೆ ದಾರಿ ಬಿಡುತ್ತದೆ, ಜೋರಾಗಿ ತಳ್ಳಿದರೆ ಎದುರು ನಿಲ್ಲುತ್ತದೆ. ಸಾಮಾನ್ಯವಾಗಿ ಅದುಮಿಕೊಳ್ಳುವಾಗಿನದಕ್ಕಿಂತ ಹಿಗ್ಗುವಾಗಿನ ತಡೆಯನ್ನು ಹೆಚ್ಚು ಇಟ್ಟಿರುತ್ತಾರೆ. ಪಾಟಾ ವಾಪಸ್ ಎಗರುವ ಹೊತ್ತಿನಲ್ಲೇ ಗಾಡಿ ಕೈತಪ್ಪುವುದರಿಂದ ಈ ಏರ್ಪಾಡು.

ನುಂಗಿದ ಶಕ್ತಿ ಎಲ್ಲಿಗೆ ಹೋಯಿತು? ಅದೆಲ್ಲ ಕಾವಾಯಿತು. ಎರಡು ಟನ್ ಭಾರ ಐದು ಸೆಂಟಿಮೀಟರ್ ಮೇಲೆದ್ದು ಕೂತರೆ ಸುಮಾರು 980 ಜೂಲ್ ಶಕ್ತಿ ಲೆಕ್ಕಕ್ಕೆ ಬರುತ್ತದೆ. ಒಂದೊಂದು ಹಂಪಿಗೂ, ಒಂದೊಂದು ತಗ್ಗಿಗೂ ಹೀಗೆ ಕಾವು ಸೇರುತ್ತ ಹೋಗುತ್ತದೆ. ಅದನ್ನೆಲ್ಲ ತಾಳಬೇಕಾದದ್ದು ಅರ್ಧ ಲೀಟರೂ ಇಲ್ಲದ ಎಣ್ಣೆ. ಗಾಡಿ ಓಡಿಸಿ ನಿಲ್ಲಿಸಿದ ಕೂಡಲೇ ಶಾಕ್ ಮುಟ್ಟಿದರೆ ಕೈ ಚುರುಕ್ಕೆನ್ನುವುದು ಇದಕ್ಕೇ.

ಇಲ್ಲಿ ಒಂದು ಲೆಕ್ಕ ಕೇಳಲೇಬೇಕು. ಖಾಲಿ ಪಿಕಪ್‌ನ ಹಿಂದಿನ ಪಾಟಾಗಳ ಮೇಲೆ 600 ಕಿಲೋ ಕೂತಿದೆ ಎಂದುಕೊಳ್ಳೋಣ. ಲೋಡು ಮಾಡಿದ ಮೇಲೆ ಅದು 1,800 ಆಯಿತು. ಭಾರ ಮೂರು ಪಟ್ಟಾದರೆ, ಅದೇ ಶಾಕ್‌ಗೆ ಖಾಲಿ ಗಾಡಿಯಲ್ಲಿ ನೂರರಷ್ಟಿದ್ದ ಹಿಡಿತ ಸುಮಾರು 58ಕ್ಕೆ ಇಳಿಯುತ್ತದೆ. ಖಾಲಿ ಗಾಡಿಗೆ ಹದವಾದ ಶಾಕ್ ತುಂಬಿದ ಗಾಡಿಗೆ ಸಡಿಲ, ತುಂಬಿದ ಗಾಡಿಗೆ ಹದವಾದದ್ದು ಖಾಲಿ ಗಾಡಿಗೆ ಬಿಗಿ. ಎರಡಕ್ಕೂ ಒಪ್ಪುವ ಶಾಕ್ ಮಾಮೂಲಿ ದರದಲ್ಲಿ ಸಿಗುವುದಿಲ್ಲ. ಕಂಪನಿಯವರು ಕೊಡುವುದು ಎರಡರ ನಡುವಿನ ರಾಜಿ. ವಾರಕ್ಕೆ ಒಂದು ದಿನ ಲೋಡು ಹೊರುವ ಗಾಡಿಗೂ, ದಿನಾ ಈರುಳ್ಳಿ ಹೊರುವ ಗಾಡಿಗೂ ಬೇರೆ ಬೇರೆ ಶಾಕ್ ಬೇಕಾಗುವುದು ಇದರಿಂದಲೇ.

ಅಂದಮೇಲೆ ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದದ್ದು ಯಾವ ಕಂಪನಿಯದ್ದು ಎಂದಲ್ಲ. ಗಾಡಿ ತುಂಬಿಕೊಂಡು ಎಷ್ಟು ಓಡುತ್ತದೆ, ಖಾಲಿ ಎಷ್ಟು ಓಡುತ್ತದೆ ಎಂದು. 1.7 ಟನ್‌ನ ಪಿಕಪ್‌ಗೆ 50 ಕಿಲೋದ ಚೀಲ 34 ಹಾಕಿದರೆ ಕಾನೂನಿನ ಲೆಕ್ಕ ಮುಗಿಯಿತು. ಸೀಸನ್ನಿನಲ್ಲಿ ಅದು 34ಕ್ಕೆ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಮುಂದೆ ಹೇಳುವುದೆಲ್ಲ 34ರ ಒಳಗಿನ ಮಾತು. 50 ಚೀಲಕ್ಕೆ ಒಪ್ಪುವ ಶಾಕ್ ಯಾವುದೆಂದು ಕೇಳಿದರೆ ಉತ್ತರ ಒಂದೇ: ಇನ್ನೊಂದು ಗಾಡಿ.

ಹಿಂದೆ ಏನನ್ನಾದರೂ ಎಳೆಯುವ ಗಾಡಿಯ ಕಷ್ಟ ಸ್ವಲ್ಪ ಬೇರೆ. ಎಳೆಯುವ ಟ್ರೇಲರಿನ ತೂಕವೆಲ್ಲ ಅದರ ಚಕ್ರದ ಮೇಲೆಯೇ ಇರುವುದಿಲ್ಲ, ಒಂದು ಪಾಲು ಹುಕ್ಕಿನ ಮೇಲೆ ಒರಗುತ್ತದೆ. ನೂರಕ್ಕೆ ಹತ್ತರಿಂದ ಹದಿನೈದು ಪಾಲು ಹಾಗೆ ಒರಗಿದ್ದರೆ ಒಳ್ಳೆಯದು ಎಂಬುದು ಅಮೆರಿಕದಲ್ಲಿ ನಡೆದುಬಂದ ಲೆಕ್ಕ. ಒಂದು ಟನ್ನಿನ ಸರಂಜಾಮಿಗೆ ಹುಕ್ಕಿನ ಮೇಲೆ 100ರಿಂದ 150 ಕಿಲೋ. ಕೇಳಲು ಕಡಿಮೆ. ಆದರೆ ಹುಕ್ಕು ಇರುವುದು ಹಿಂದಿನ ಎಕ್ಸಲ್‌ನ ಆಚೆ. ಎರಡು ಎಕ್ಸಲ್‌ಗಳ ನಡುವೆ 3 ಮೀಟರ್, ಹಿಂದಿನ ಎಕ್ಸಲ್‌ನಿಂದ ಹುಕ್ಕಿಗೆ 1.2 ಮೀಟರ್ ಇರುವ ಗಾಡಿಯಲ್ಲಿ ಹುಕ್ಕಿನ ಮೇಲೆ 100 ಕಿಲೋ ಕೂತರೆ ಹಿಂದಿನ ಎಕ್ಸಲ್‌ಗೆ ಬೀಳುವುದು 140 ಕಿಲೋ. ಆ ಹೆಚ್ಚಿನ 40 ಬಂದದ್ದು ಮುಂದಿನ ಎಕ್ಸಲ್‌ನಿಂದ. ಮುಂದೆ ಹಗುರವಾದ ಗಾಡಿಯ ಸ್ಟೀರಿಂಗ್ ತೇಲಿದಂತಾಗುತ್ತದೆ, ಬ್ರೇಕು ಹಿಡಿದಾಗಲೂ ಮುಂದಿನ ಚಕ್ರ ನೆಲವನ್ನು ಸರಿಯಾಗಿ ಕಚ್ಚುವುದಿಲ್ಲ. ಚಾಸಿಯಿಂದ ಹೊರಗೆ ಚಾಚಿದ ಬಿದಿರು, ಕಬ್ಬಿಣದ ಸರಳು, ಹಿಂಬಾಗಿಲು ತೆರೆದು ಪೇರಿಸಿದ ಮೇವು ಮಾಡುವುದೂ ಇದನ್ನೇ.

ಆದ್ದರಿಂದ ಎಳೆಯುವ ಗಾಡಿಗೆ ಹಿಂದಿನ ಎರಡೇ ಶಾಕ್ ಬದಲಿಸಿ ಕೈತೊಳೆದುಕೊಳ್ಳುವುದು ಅರ್ಧ ಕೆಲಸ. ಹುಕ್ಕಿನ ಎಳೆತಕ್ಕೆ ಗಾಡಿ ಮೂಗೆತ್ತಿ ಮೂಗಿಳಿಸುತ್ತ ಹೋಗುತ್ತದೆ; ಆ ಆಟವನ್ನು ತಡೆಯುವುದರಲ್ಲಿ ಮುಂದಿನ ಶಾಕ್‌ಗಳ ಪಾಲೂ ಅಷ್ಟೇ ಇದೆ. ಇನ್ನೊಂದು ಮಾತು: ಎಳೆಯುವ ಸರಂಜಾಮು ಎಡಕ್ಕೂ ಬಲಕ್ಕೂ ಬಾಲ ಆಡಿಸುತ್ತಿದ್ದರೆ ಅದಕ್ಕೆ ಶಾಕ್ ಮದ್ದಲ್ಲ. ಟ್ರೇಲರಿನಲ್ಲಿ ಭಾರವನ್ನು ಮುಂದಕ್ಕೆ ಸರಿಸಬೇಕು, ವೇಗ ಇಳಿಸಬೇಕು. ಕುರಿ ತುಂಬಿದ ಗಾಡಿಯ ಕಥೆ ಬೇರೆಯೇ. ತಿರುವಿನಲ್ಲಿ ಚೀಲ ಕೂತಲ್ಲೇ ಕೂತಿರುತ್ತದೆ, ಕುರಿ ಹಿಂಡು ಒಂದು ಬದಿಗೆ ಸರಿಯುತ್ತದೆ. ಎರಡು ಅಂತಸ್ತು ಮಾಡಿ ಕುರಿ ಹೊರುವವರಿಗೆ ಬಿಗಿಯಾದ ಶಾಕ್ ಅನಿವಾರ್ಯ.

ರಸ್ತೆಗಳದ್ದೂ ಒಂದು ಗುಣ ಉಂಟು. ತುಂಗಭದ್ರೆಯ ದಂಡೆಯ ಎರೆನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಕೆಲವೇ ವರ್ಷಗಳಲ್ಲಿ ಉದ್ದುದ್ದ ಅಲೆಯಾಗುತ್ತದೆ. ಅಂಥ ರಸ್ತೆಯಲ್ಲಿ ತುಂಬಿದ ಪಿಕಪ್ ದೋಣಿಯಾಡಿದಂತೆ ಆಡುತ್ತದೆ; ಅಲ್ಲಿ ಬೇಕಾದದ್ದು ಹಿಗ್ಗುವಾಗ ಗಟ್ಟಿಯಾಗಿ ಹಿಡಿಯುವ ಶಾಕ್. ಕೂಡ್ಲಿಗಿ, ಕೊಟ್ಟೂರು ಕಡೆಯ ಮಸಾರಿ ಮಣ್ಣಿನ ದಾರಿಗಳ ತೊಂದರೆ ಇನ್ನೊಂದು: ನೆಲವೆಲ್ಲ ಸಣ್ಣ ಸಣ್ಣ ಗೀರು ಗೀರು. ಅಲ್ಲಿ ಪಿಸ್ಟನ್ ಬಿಡುವಿಲ್ಲದೆ ಗಡಗಡ ಓಡಾಡಿ ಎಣ್ಣೆ ಕಾಯುತ್ತದೆ, ಗಾಳಿ ಬೆರೆತು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿಯಿಲ್ಲ. ಅರ್ಧ ಗಂಟೆ ಚೆನ್ನಾಗಿದ್ದ ಗಾಡಿ ಆಮೇಲೆ ಕುಣಿಯತೊಡಗಿದರೆ, ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಸರಿಯಾದರೆ, ಕಾರಣ ಇದೇ.

ಇನ್ನು ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ಊರ ಬಾಗಿಲಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳಿಗೆ ಈ ಅಳತೆಯ ಸುದ್ದಿಯೇ ಮುಟ್ಟಿಲ್ಲ. ಎತ್ತರ ಅಷ್ಟೇ ಇದ್ದರೂ ಅಗಲ ಒಂದು ಮೊಳಕ್ಕೆ ಇಳಿದರೆ ಅದು ಹಂಪಲ್ಲ, ಅಡ್ಡಗೋಡೆ.

ಶಾಕ್ ಹೋಗಿದೆ ಎಂದು ತಿಳಿಯುವುದು ಹೇಗೆ? ಕಾರಿನ ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಪಿಕಪ್‌ಗೆ ಕೆಲಸಕ್ಕೆ ಬಾರದು. ಪಾಟಾಗಳು ಒಂದಕ್ಕೊಂದು ಉಜ್ಜಿಕೊಂಡೇ ಅಲುಗಾಟವನ್ನು ಅಡಗಿಸಿಬಿಡುತ್ತವೆ, ಸತ್ತ ಶಾಕ್ ಕೂಡ ಜೀವಂತ ಇದ್ದಂತೆ ಕಾಣುತ್ತದೆ. ಅದರ ಬದಲು ಇಪ್ಪತ್ತು ಕಿಲೋಮೀಟರ್ ಕೆಟ್ಟ ರಸ್ತೆಯಲ್ಲಿ ಓಡಿಸಿ, ಸೈಲೆನ್ಸರಿಗೆ ಕೈ ತಾಗದಂತೆ ನಾಲ್ಕೂ ಶಾಕ್‌ಗಳನ್ನು ಹುಷಾರಾಗಿ ಮುಟ್ಟಿ ನೋಡಬೇಕು. ಮೂರು ಬಿಸಿ, ಒಂದು ತಣ್ಣಗಿದ್ದರೆ ತಣ್ಣಗಿರುವುದು ದುಡಿಯುತ್ತಿಲ್ಲ. ರಾಡಿನ ಬುಡದಲ್ಲಿ ತೆಳುವಾಗಿ ಎಣ್ಣೆ ಒಸರಿ ಧೂಳು ಮೆತ್ತಿದ್ದರೆ ಗಾಬರಿ ಬೇಡ. ಕೊಳವೆಯ ಉದ್ದಕ್ಕೂ ಇಳಿದು ತೊಟ್ಟಿಕ್ಕುತ್ತಿದ್ದರೆ ಅದರ ಆಯುಷ್ಯ ಮುಗಿದಿದೆ. ಟೈರಿನ ಮೇಲೆ ಅಂಗೈ ಸವರಿದಾಗ ತಗ್ಗು ದಿಣ್ಣೆ ಸಿಕ್ಕರೆ ಅದೂ ಶಾಕ್‌ನದೇ ದೂರು. ನೆಲ ಬಿಟ್ಟು ಕುಪ್ಪಳಿಸುವ ಚಕ್ರ ಅಲ್ಲಲ್ಲಿ ಮಾತ್ರ ಸವೆಯುತ್ತದೆ. ಗಡಗಡ ಸದ್ದು ಬಂದರೆ ಮೊದಲು ಎರಡೂ ತುದಿಯ ರಬ್ಬರ್ ಬುಷ್ ನೋಡಬೇಕು. ಎಷ್ಟೋ ಸಲ ಬದಲಿಸಬೇಕಾದದ್ದು ಅದಿಷ್ಟೇ.

ಮನ್ರೋ ಕಂಪನಿ 80,000 ಕಿಲೋಮೀಟರಿಗೆ ಶಾಕ್ ಬದಲಿಸಿ ಎನ್ನುತ್ತದೆ. ಅದು ಒಳ್ಳೆಯ ರಸ್ತೆಯ ಕಾರಿನ ಲೆಕ್ಕ. ಮಸಾರಿ ದಾರಿಯಲ್ಲಿ ದಿನಾ ಲೋಡು ಹೊರುವ ಪಿಕಪ್ ಅದರ ಅರ್ಧದಾರಿಯಲ್ಲೇ ಪರೀಕ್ಷೆಗೆ ನಿಲ್ಲುವುದು ಒಳಿತು.

ಈಗ ಅಂಗಡಿಗೆ ಬರೋಣ. ಕೌಂಟರಿನ ಮೇಲೆ ಸಾಮಾನ್ಯವಾಗಿ ಬಂದು ಕೂರುವುದು ಎರಡು ಕೊಳವೆಯ ಎಣ್ಣೆ ಶಾಕ್. ಒಳಗಿನ ಕೊಳವೆಯಲ್ಲಿ ಪಿಸ್ಟನ್, ಹೊರಗಿನದರಲ್ಲಿ ಹೆಚ್ಚುವರಿ ಎಣ್ಣೆ. ಅಗ್ಗ, ಗಟ್ಟಿ, ಹೊರಕೊಳವೆಗೆ ಕಲ್ಲು ಬಡಿದು ಸಣ್ಣದಾಗಿ ನೆಗ್ಗಿದರೂ ಕೆಲಸ ನಿಲ್ಲಿಸುವುದಿಲ್ಲ. ಅದೇ ಶಾಕ್‌ಗೆ ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದರೆ ‘ಗ್ಯಾಸ್ ಶಾಕ್’. ಎಣ್ಣೆ ನೊರೆಯಾಗುವುದು ತಗ್ಗುತ್ತದೆ. ಮೂರನೆಯದು ಒಂದೇ ಕೊಳವೆಯದು. ಅದರಲ್ಲಿ ಎಣ್ಣೆಗೂ ಹೆಚ್ಚು ಒತ್ತಡದ ಗ್ಯಾಸಿಗೂ ನಡುವೆ ತೇಲುವ ಪಿಸ್ಟನ್ ಒಂದಿರುತ್ತದೆ, ಎರಡೂ ಬೆರೆಯುವ ಮಾತೇ ಇಲ್ಲ. ಕೊಳವೆಗೆ ನೇರ ಗಾಳಿ ತಾಗುವುದರಿಂದ ಬೇಗ ತಣ್ಣಗಾಗುತ್ತದೆ. ಫ್ರಾನ್ಸಿನ ಎಂಜಿನಿಯರ್ ದ ಕಾರ್ಬನ್ ರೂಪಿಸಿದ ಈ ಬಗೆಯನ್ನು ಬಿಲ್‌ಸ್ಟೈನ್ ಕಂಪನಿ 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ತಂದಿತು. ಮನೆಯಂಥ ಕ್ಯಾರವಾನ್‌ಗಳನ್ನು ಪಿಕಪ್‌ನಿಂದಲೇ ಎಳೆಯುವ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇದಕ್ಕೆ ಭಾರಿ ಬೇಡಿಕೆ. ನಮ್ಮ ಬಾಡಿಗೆ ಗಾಡಿಗೆ? ದುಬಾರಿ. ಜೊತೆಗೆ, ಕಲ್ಲು ಬಡಿದು ಆ ಒಂಟಿ ಕೊಳವೆ ನೆಗ್ಗಿದರೆ ಪಿಸ್ಟನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಜಲ್ಲಿ ಎದ್ದ ದಾರಿಯಲ್ಲಿ ಓಡುವವರು ಇದನ್ನು ಯೋಚಿಸಬೇಕು.

ದಿನಾ ಲೋಡು ಹೊರುವ, ಆಗಾಗ ಎಳೆಯುವ ಪಿಕಪ್‌ಗೆ ದಪ್ಪ ಪಿಸ್ಟನ್‌ನ ಗ್ಯಾಸ್ ತುಂಬಿದ ಎರಡು ಕೊಳವೆಯ ಶಾಕ್ ಸಾಕು, ಅದೇ ಸರಿ. ದಪ್ಪ ಏಕೆಂದರೆ, 30 ಮಿಲಿಮೀಟರ್ ಪಿಸ್ಟನ್‌ನ ಬದಲು 35ರದ್ದು ಬಂದರೆ ಅದರ ಮುಖದ ವಿಸ್ತೀರ್ಣ ನೂರಕ್ಕೆ 36ರಷ್ಟು ಹೆಚ್ಚುತ್ತದೆ. ಅಷ್ಟೇ ತಡೆಯನ್ನು ಕಡಿಮೆ ಒತ್ತಡದಲ್ಲಿ ಕೊಡಬಹುದು, ಎಣ್ಣೆಯೂ ಹೆಚ್ಚು ಹಿಡಿಯುತ್ತದೆ, ನಿಧಾನ ಕಾಯುತ್ತದೆ. ಆದರೆ ಹೊರಗಿನ ಕೊಳವೆ ದಪ್ಪಗಿದ್ದ ಮಾತ್ರಕ್ಕೆ ಒಳಗಿನ ಪಿಸ್ಟನ್ ದಪ್ಪ ಎಂದು ತಿಳಿಯಬಾರದು. ಬಣ್ಣಕ್ಕಂತೂ ಬೆಲೆಯೇ ಇಲ್ಲ. ಹಳದಿ ಬಳಿದರೆ ಶಾಕ್ ರೇಸಿನದಾಗುವುದಿಲ್ಲ.

ಬ್ರ್ಯಾಂಡಿನ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 1961ರಲ್ಲಿ ಶುರುವಾದ ಗೇಬ್ರಿಯಲ್ ಇಂಡಿಯಾಕ್ಕೆ ಪಕ್ಕದ ಹೊಸೂರಿನಲ್ಲೇ ಕಾರ್ಖಾನೆ ಇದೆ. ಇಂಥ ಹಳೆಯ ತಯಾರಕರು ಗಾಡಿ ಕಂಪನಿಗಳಿಗೂ ಮಾಲು ಕೊಡುತ್ತಾರೆ, ಅಂಗಡಿಗೂ ಕೊಡುತ್ತಾರೆ. ಭಯ ಪಡಬೇಕಾದದ್ದು ನಕಲಿಗೆ. ಡಬ್ಬದ ಮೇಲೆ ಮುದ್ರಿತ ಬೆಲೆ, ತಯಾರಿಸಿದ ತಿಂಗಳು, ಪಾರ್ಟ್ ನಂಬರ್ ಇಲ್ಲದಿದ್ದರೆ ಅದು ಎಷ್ಟು ಅಗ್ಗವಾದರೂ ಬೇಡ. ಹಳೆಯ ಶಾಕ್ ಕೊಯ್ದು, ಎಣ್ಣೆ ತುಂಬಿ, ಬೆಸುಗೆ ಹಾಕಿ ಕೊಡುವ ರೀಕಂಡೀಷನ್ ಮಾಲೂ ಬೇಡ. ಸೀಲು, ವಾಲ್ವು ಹಳೆಯವೇ ಇದ್ದ ಮೇಲೆ ಎಣ್ಣೆ ಹೊಸದಾಗಿ ಫಲವೇನು? ಗ್ಯಾಸ್ ತುಂಬಿದ ಶಾಕ್‌ಗೆ ಬೆಂಕಿ ತೋರಿಸುವುದಂತೂ ಪ್ರಾಣದ ಜೊತೆ ಆಟ.

ಅಳತೆಯ ಮಾತನ್ನು ಬಹಳ ಮಂದಿ ಕಡೆಗಣಿಸುತ್ತಾರೆ, ಹೊಸ ಶಾಕ್ ಮೂರೇ ತಿಂಗಳಲ್ಲಿ ಕಿತ್ತು ಬರುವುದು ಇಲ್ಲಿಯೇ. ಪಾಟಾ ಏರಿಸಿದ ಗಾಡಿ ಖಾಲಿ ಇದ್ದಾಗ ಮೊದಲಿಗಿಂತ ಒಂದೆರಡು ಇಂಚು ಎತ್ತರ ನಿಲ್ಲುತ್ತದೆ. ಶಾಕ್ ಅಷ್ಟರಮಟ್ಟಿಗೆ ಆಗಲೇ ಹಿಗ್ಗಿ ಕೂತಿರುತ್ತದೆ. ಖಾಲಿ ಗಾಡಿ ತಗ್ಗಿಗೆ ಇಳಿದಾಗ ಎಕ್ಸಲ್ ಕೆಳಕ್ಕೆ ಜೋತುಬಿದ್ದರೆ, ಇನ್ನು ಹಿಗ್ಗಲು ಜಾಗವಿಲ್ಲದೆ ಇಡೀ ಎಕ್ಸಲ್‌ನ ತೂಕ ಶಾಕ್‌ಗೆ ನೇತಾಡುತ್ತದೆ. ತುದಿಯಲ್ಲಿ ಬೋಲ್ಟ್ ಕೂರುವ ಕಿವಿ ಹರಿಯುತ್ತದೆ, ಇಲ್ಲವೇ ಚಾಸಿಯ ಬ್ರಾಕೆಟ್ ಕಿತ್ತು ಬರುತ್ತದೆ. ಬೈಗುಳ ಬೀಳುವುದು ಶಾಕ್ ಕಂಪನಿಗೆ. ಪಾಟಾ ಏರಿಸಿದವರು ಖಾಲಿ ಗಾಡಿಯಲ್ಲಿ ಮೇಲಿನ ಕಿವಿಯಿಂದ ಕೆಳಗಿನ ಕಿವಿಯವರೆಗೆ ಟೇಪು ಹಿಡಿದು ಬರೆದುಕೊಳ್ಳಬೇಕು. ಹೊಸ ಶಾಕ್ ಪೂರ್ತಿ ಹಿಗ್ಗಿದಾಗಿನ ಉದ್ದ ಅದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಪೂರ್ತಿ ಅದುಮಿದಾಗಿನ ಉದ್ದವಾದರೋ, ಎಕ್ಸಲ್ ಮೇಲಿನ ರಬ್ಬರಿಗೆ ಬಡಿದಾಗ ಉಳಿಯುವ ಜಾಗಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಲೋಡಿನ ಪೆಟ್ಟೆಲ್ಲ ಶಾಕ್‌ನ ತಳಕ್ಕೆ.

ಹೊಸ ಶಾಕ್ ಡಬ್ಬದಲ್ಲಿ ಮಲಗಿ ಬಂದಿರುತ್ತದೆ, ಒಳಗೆ ಗಾಳಿ ಎಲ್ಲೆಲ್ಲೋ ಸೇರಿಕೊಂಡಿರುತ್ತದೆ. ಎರಡು ಕೊಳವೆಯ ಶಾಕ್ ಆದರೆ, ಗಾಡಿಯಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ಹಿಡಿದು ಪೂರ್ತಿ ಎಳೆಯಬೇಕು. ತಲೆಕೆಳಗು ಮಾಡಿ ಪೂರ್ತಿ ಅದುಮಬೇಕು. ಮತ್ತೆ ನೆಟ್ಟಗೆ ಮಾಡಿ ಎಳೆಯಬೇಕು. ನಾಲ್ಕೈದು ಸಲ ಹೀಗೆ ಮಾಡುವಷ್ಟರಲ್ಲಿ ನಡುನಡುವೆ ಸರ್ರನೆ ಜಾರುತ್ತಿದ್ದ ರಾಡು ಉದ್ದಕ್ಕೂ ಒಂದೇ ಬಿಗಿಯಲ್ಲಿ ಬರತೊಡಗುತ್ತದೆ. ಆಗಲೂ ನಡುವೆ ಎಲ್ಲಾದರೂ ಖಾಲಿ ಸಿಕ್ಕರೆ ಆ ಶಾಕ್ ಅಂಗಡಿಗೆ ವಾಪಸ್. ಮಿಸ್ತ್ರಿ ರಾಡನ್ನು ಇಕ್ಕಳದಿಂದ ಕಚ್ಚಿ ಹಿಡಿದು ನಟ್ಟು ಬಿಗಿಯಲು ಹೊರಟರೆ ಕೈ ಹಿಡಿದು ನಿಲ್ಲಿಸಬೇಕು. ನುಣ್ಣನೆಯ ರಾಡಿನ ಮೇಲೆ ಬೀಳುವ ಒಂದು ಗೀರು ಸೀಲನ್ನು ಕೊಯ್ಯುತ್ತದೆ. ಬುಷ್‌ನ ಬೋಲ್ಟನ್ನು ಕೊನೆಯ ಬಿಗಿ ಬಿಗಿಯುವುದು ಜಾಕ್ ಇಳಿಸಿ, ಗಾಡಿ ತನ್ನ ಕಾಲ ಮೇಲೆ ನಿಂತ ಮೇಲೆ. ಬದಲಿಸುವಾಗ ಒಂದು ಎಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದು ಬದಿ ಹೊಸದು ಒಂದು ಬದಿ ಹಳೆಯದು ಆದರೆ ಬ್ರೇಕು ಹಿಡಿದಾಗ ಗಾಡಿ ಒಂದು ಕಡೆಗೆ ಜಗ್ಗೀತು.

ಎಷ್ಟೇ ಒಳ್ಳೆಯ ಶಾಕ್ ಹಾಕಿಸಿದರೂ ಆರ್‌ಸಿಯಲ್ಲಿ ಬರೆದ ತೂಕ ಒಂದು ಕಿಲೋ ಕೂಡ ಹೆಚ್ಚಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಹೆಚ್ಚು ಲೋಡಿಗೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ. ಸರಕು ಗಾಡಿಯಲ್ಲಿ ಭಕ್ತರನ್ನು ತುಂಬಿಕೊಂಡು ಹೋಗುವುದಕ್ಕೂ ಕಾನೂನಿನಲ್ಲಿ ಜಾಗವಿಲ್ಲ.

ಖರ್ಚು ಮಾಡುವ ಮನಸ್ಸಿದ್ದರೆ ಅದಕ್ಕೊಂದು ಕ್ರಮ ಇರಲಿ. ಮೊದಲು ಟೈರಿನ ಗಾಳಿ, ಆಮೇಲೆ ಬುಷ್, ಆಮೇಲೆ ಜೋಡಿ ಶಾಕ್, ಪಾಟಾ ಕೊನೆಗೆ. ಅಂಗಡಿಗೆ ಹೋಗುವಾಗ ಗಾಡಿಯ ಹೆಸರಷ್ಟೇ ಹೇಳಿದರೆ ಸಾಲದು. ಒಂದೇ ಹೆಸರಿನ ಪಿಕಪ್‌ನಲ್ಲಿ ಟನ್ನಿಗೊಂದು ಮಾಡೆಲ್ ಇರುತ್ತದೆ. ಆರ್‌ಸಿ, ಚಾಸಿ ನಂಬರ್, ಬರೆದುಕೊಂಡ ಅಳತೆ ಮೂರೂ ಜೇಬಿನಲ್ಲಿರಲಿ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಮತ್ತು ಗಾಡಿ ಅಂದಿಗೆ ಓಡಿದ ಕಿಲೋಮೀಟರ್ ಎರಡನ್ನೂ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಕೌಂಟರಿನವರು ಮೊದಲು ಕೇಳುವುದು ಅವನ್ನೇ.